ಹವಾಗುಣದ ಹೊಸ ಪದಗಳೂ ನಮ್ಮ ಹೊಲದ ಮಾತೂ

ಒಂದು ನಾಡಿನ ಜನರು ತಮ್ಮ ಬಾಳನ್ನು ಬಾಧಿಸುವ ಸಂಗತಿಯನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳಲಾರದೆ ಹೋದರೆ, ಆ ಸಂಗತಿಯ ವಿಷಯದಲ್ಲಿ ತೀರ್ಮಾನ ಕೈಕೊಳ್ಳುವ ಅಧಿಕಾರವೂ ಕ್ರಮೇಣ ಅವರ ಕೈತಪ್ಪಿ ಹೋಗುತ್ತದೆ. ಇಂದು ಜಗತ್ತಿನ ವಿದ್ವತ್ಸಭೆಗಳಲ್ಲಿಯೂ ರಾಷ್ಟ್ರಗಳ ಸಮ್ಮೇಳನಗಳಲ್ಲಿಯೂ ಚರ್ಚಿತವಾಗುತ್ತಿರುವ ಹವಾಗುಣದ ಬದಲಾವಣೆ ಇಂಥ ಒಂದು ಸಂಗತಿ. ಅದರ ಫಲವನ್ನು ಬಸವಕಲ್ಯಾಣ ಹುಮನಾಬಾದ ತಾಲೂಕುಗಳ ಒಕ್ಕಲಿಗ ಉಣ್ಣುತ್ತಿದ್ದಾನೆ. ಅದರ ಮಾತು ಮಾತ್ರ ಇಂಗ್ಲಿಷಿನಲ್ಲಿ ನಡೆದಿದೆ. ಗ್ಲೋಬಲ್ ವಾರ್ಮಿಂಗ್, ಕ್ಲೈಮೇಟ್ ಚೇಂಜ್, ಗ್ರೀನ್‌ಹೌಸ್ ಗ್ಯಾಸ್, ಕಾರ್ಬನ್ ಫುಟ್‌ಪ್ರಿಂಟ್, ಮಿಟಿಗೇಶನ್, ಅಡಾಪ್ಟೇಶನ್, ನೆಟ್ ಝೀರೋ ಎಂಬ ಪದಗಳು ನಮ್ಮ ಮಕ್ಕಳ ನಾಲಗೆಗೆ ಬಂದಿವೆ. ಪ್ರಬಂಧ ಸ್ಪರ್ಧೆಗಳಲ್ಲಿ ಅವು ಚೆನ್ನಾಗಿ ಮೆರೆಯುತ್ತವೆ. ಆದರೆ ಅದೇ ಮಗು ಮನೆಗೆ ಹೋಗಿ, ಕೊಯ್ದ ಸೋಯಾ ಮಳೆಗೆ ನೆನೆದು ಮೊಳೆತ ದುಃಖದಲ್ಲಿ ಕುಳಿತ ತಂದೆಗೆ ಆ ಪದಗಳಲ್ಲಿ ಒಂದನ್ನಾದರೂ ಬಿಡಿಸಿ ಹೇಳಬಲ್ಲದೆ ಎಂದು ಕೇಳಿದರೆ ಉತ್ತರ ಸಮಾಧಾನಕರವಾಗಿಲ್ಲ.

ಈ ಇಂಗ್ಲಿಷ್ ಪದಗಳನ್ನು ನಮ್ಮ ಮಕ್ಕಳು ಬಿಡದೆ ಕಲಿಯಬೇಕು. ಆದರೆ ಹೊಲದ ಕನ್ನಡದೊಂದಿಗೆ ಒರೆಗೆ ಹಚ್ಚಿ ಕಲಿಯಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ನಮಗೆ ನಷ್ಟ. ಇದು ಈ ಲೇಖನದ ಅಭಿಪ್ರಾಯ.

ಮೊದಲು ಇಂಗ್ಲಿಷಿನ ಮಾತನ್ನೇ ನೋಡೋಣ. ಆ ಭಾಷೆಯಲ್ಲಿ ಈ ಪದಗಳು ಆದಿಯಿಂದಲೂ ಸಿದ್ಧವಾಗಿದ್ದವೆಂದು ನಾವು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಭೂಮಿಯ ಸುತ್ತಣ ವಾಯುಮಂಡಲವು ಶಾಖವನ್ನು ತಡೆಹಿಡಿಯುತ್ತದೆಂದು 1824ರಲ್ಲಿ ಸೂಚಿಸಿದವನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ. ಅವನು ಬರೆದದ್ದು ಫ್ರೆಂಚಿನಲ್ಲಿ. 1856ರಲ್ಲಿ ಅಮೆರಿಕೆಯ ಯೂನಿಸ್ ಫೂಟ್ ಎಂಬ ಮಹಿಳೆ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಕಾಯುವುದನ್ನು ತೋರಿಸಿದಳು. 1859ರಲ್ಲಿ ಜಾನ್ ಟಿಂಡಾಲ್ ಅಂಥ ಅನಿಲಗಳು ಶಾಖವನ್ನು ಹೀರುವುದನ್ನು ಅಳೆದನು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್, ಕಲ್ಲಿದ್ದಲನ್ನು ಸುಡುವುದರಿಂದ ಈ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಕಾಯಬಹುದೆಂದು ಲೆಕ್ಕ ಹಾಕಿದನು. ಇಷ್ಟೆಲ್ಲ ಆದ ಮೇಲೆ, 1975ರಲ್ಲಿ ವಾಲೇಸ್ ಬ್ರೋಕರ್ ಎಂಬ ವಿಜ್ಞಾನಿ ತನ್ನ ಲೇಖನದ ಶಿರೋನಾಮೆಯಲ್ಲಿ ಬಳಸಿದ ಬಳಿಕ ‘ಗ್ಲೋಬಲ್ ವಾರ್ಮಿಂಗ್’ ಎಂಬ ಮಾತು ಪ್ರಚಾರಕ್ಕೆ ಬಂದಿತು. ಅರಿವು ಮೊದಲು ಬಂದಿತು, ಪದ ಬಹಳ ತಡವಾಗಿ ಬಂದಿತು. ಹೀಗಿರುವಾಗ ಪದವನ್ನು ಮೊದಲು ಬಾಯಿಪಾಠ ಮಾಡಿಸಿ ಅರಿವು ತಾನಾಗಿ ಬಂದೀತೆಂದು ಕಾಯುವ ಪದ್ಧತಿ ಎಷ್ಟು ವಿಪರೀತವೆಂಬುದನ್ನು ಪಾಲಕರೂ ಶಿಕ್ಷಕರೂ ಯೋಚಿಸಬೇಕು.

ಇಂಗ್ಲಿಷಿನಲ್ಲಿಯೂ ಈ ಪದಗಳು ಒಂದೇ ಕಡೆ ನಿಂತಿಲ್ಲ. ಅಮೆರಿಕೆಯಲ್ಲಿ 2002ರ ಸುಮಾರಿಗೆ ಒಬ್ಬ ರಾಜಕೀಯ ಸಲಹೆಗಾರ, ‘ಗ್ಲೋಬಲ್ ವಾರ್ಮಿಂಗ್’ ಎಂದರೆ ಜನ ಬೆಚ್ಚುತ್ತಾರೆ, ಆದ್ದರಿಂದ ‘ಕ್ಲೈಮೇಟ್ ಚೇಂಜ್’ ಎಂಬ ಮೆತ್ತನೆಯ ಮಾತನ್ನು ಬಳಸಿರೆಂದು ತನ್ನ ಪಕ್ಷದವರಿಗೆ ಬರೆದುಕೊಟ್ಟನು. ಇದಕ್ಕೆ ವಿರುದ್ಧವಾಗಿ, 2019ರಲ್ಲಿ ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯು ‘ಕ್ಲೈಮೇಟ್ ಚೇಂಜ್’ ಎಂಬುದು ತೀರ ಸೌಮ್ಯವಾಯಿತೆಂದು ತಿಳಿದು ‘ಕ್ಲೈಮೇಟ್ ಎಮರ್ಜೆನ್ಸಿ’ ಎಂದು ಬರೆಯಲು ತನ್ನ ಬರಹಗಾರರಿಗೆ ಸೂಚಿಸಿತು. ಅದೇ ವರ್ಷ ಆಕ್ಸ್‌ಫರ್ಡ್ ನಿಘಂಟಿನವರು ಆ ಮಾತನ್ನು ವರ್ಷದ ಪದವೆಂದು ಆರಿಸಿದರು. ‘ಕಾರ್ಬನ್ ಫುಟ್‌ಪ್ರಿಂಟ್’ ಎಂಬುದನ್ನು ಈ ಶತಮಾನದ ಮೊದಲ ದಶಕದಲ್ಲಿ ಜಾಹೀರಾತುಗಳ ಮೂಲಕ ಮನೆಮಾತಾಗಿಸಿದ್ದು ಒಂದು ದೊಡ್ಡ ತೈಲ ಕಂಪನಿ. ತೈಲ ತೆಗೆದು ಮಾರುವವನ ಹೊಣೆಯನ್ನು ಬಳಸುವವನ ಹೆಜ್ಜೆಯ ಮೇಲೆ ಹೊರಿಸುವ ಜಾಣತನ ಆ ಮಾತಿನಲ್ಲಿದೆ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್, ಒಬ್ಬ ಅಮೆರಿಕನ್ನನ ಪಾಲಿಗೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಈ ಅಂತರವನ್ನು ತಿಳಿಸದೆ ಹುಮನಾಬಾದದ ಮಗುವಿಗೆ ‘ನಿನ್ನ ಹೆಜ್ಜೆಗುರುತನ್ನು ಕಿರಿದಾಗಿಸು’ ಎಂದಷ್ಟೇ ಬೋಧಿಸುವುದು ನ್ಯಾಯವಲ್ಲ. ಪದವನ್ನು ಕಲಿಯುವವನು ಅದನ್ನು ಯಾರು, ಯಾರಿಗಾಗಿ, ಏಕೆ ಕಟ್ಟಿದರೆಂಬುದನ್ನೂ ಕಲಿಯಬೇಕು.

ಇನ್ನು ನಮ್ಮ ಕನ್ನಡದ ಕಡೆಗೆ ಬರೋಣ. ಇಲ್ಲಿಯೂ ನಾವು ಹೆಮ್ಮೆಪಟ್ಟು ಸುಮ್ಮನಿರುವಂತಿಲ್ಲ. ನಮ್ಮ ಶಾಲೆಗಳ ಭೂಗೋಲದ ಪಾಠದಲ್ಲಿ ‘ಹವಾಮಾನ’ ಬೇರೆ, ‘ವಾಯುಗುಣ’ ಬೇರೆ. ಇಂದಿನ ಬಿಸಿಲು, ನಾಳಿನ ಮಳೆ ಹವಾಮಾನ. ಒಂದು ಪ್ರದೇಶದಲ್ಲಿ ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ಕಂಡುಬರುವ ಸರಾಸರಿ ಸ್ವಭಾವ ವಾಯುಗುಣ ಅಥವಾ ಹವಾಗುಣ. ಶಿಕ್ಷಕರು ಈ ಭೇದವನ್ನು ಕರಿಹಲಗೆಯ ಮೇಲೆ ಬರೆದು ತಿಳಿಸುತ್ತಾರೆ. ಅದೇ ವಿದ್ಯಾರ್ಥಿ ದಿನಪತ್ರಿಕೆಯನ್ನು ತೆರೆದರೆ ‘ಹವಾಮಾನ ಬದಲಾವಣೆ’ ಎಂದೇ ಕಾಣುತ್ತಾನೆ. ಹವಾಮಾನ ದಿನವೂ ಬದಲಾಗುವುದು ಸಹಜವಲ್ಲವೆ, ಇದರಲ್ಲಿ ಹೊಸದೇನೆಂದು ಅವನು ಕೇಳಿದರೆ ತಪ್ಪು ಅವನದಲ್ಲ. ‘ಈ ವರ್ಷ ಚಳಿ ಹೆಚ್ಚಾಗಿತ್ತು, ಭೂಮಿ ಕಾಯುತ್ತಿದೆ ಎಂಬುದು ಸುಳ್ಳು’ ಎಂದು ವಾದಿಸುವವರಿಗೆ ಈ ಒಂದು ಪದದ ಗೊಂದಲವೇ ಆಧಾರ.

‘ಹವಾಮಾನ ವೈಪರೀತ್ಯ’ ಎಂಬ ಇನ್ನೊಂದು ಬಳಕೆಯಿದೆ. ವೈಪರೀತ್ಯವೆಂದರೆ ಕ್ರಮ ತಪ್ಪಿದ್ದು, ಒಮ್ಮೆ ಬಂದು ಹೋಗುವಂಥದು. 2014ರ ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ನಮ್ಮ ಭಾಗದಲ್ಲಿಯೂ ನೆರೆಯ ಮರಾಠವಾಡದಲ್ಲಿಯೂ ಆಣೆಕಲ್ಲು ಬಿದ್ದು ಹಿಂಗಾರಿ ಬೆಳೆ ನೆಲಕಚ್ಚಿದಾಗ ಆ ಮಾತು ಸಲ್ಲುತ್ತಿತ್ತು. ಆದರೆ ಹವಾಗುಣದ ಬದಲಾವಣೆ ಬಂದು ಹೋಗುವ ವೈಪರೀತ್ಯವಲ್ಲ. ಅದು ಕ್ರಮವೇ ಬೇರೆಯಾಗುವ ಸ್ಥಿತಿ. ಮೂರನೆಯದು ‘ಜಾಗತಿಕ ತಾಪಮಾನ’. ತಾಪಮಾನವೆಂದರೆ ಶಾಖದ ಅಳತೆ ಮಾತ್ರ. ಅದು ಏರುತ್ತಿದೆ ಎಂಬ ಮುಖ್ಯಾಂಶವೇ ಆ ಪದದಲ್ಲಿಲ್ಲ. ‘ಜಾಗತಿಕ ತಾಪಮಾನವನ್ನು ತಡೆಯಿರಿ’ ಎಂಬ ಘೋಷಣೆಯನ್ನು ಗೋಡೆಯ ಮೇಲೆ ಬರೆಯುವಾಗ ‘ಏರಿಕೆ’ ಎಂಬ ಮೂರು ಅಕ್ಷರ ಸೇರಿಸಲು ಯಾರೂ ಬೇಸರಪಡಬಾರದು.

ಎಲ್ಲಕ್ಕಿಂತ ಹೆಚ್ಚಿನ ತೊಡಕನ್ನು ಒಡ್ಡಿರುವುದು ‘ಹಸಿರುಮನೆ’ ಎಂಬ ಪದ. ಚಳಿನಾಡಿನವರು ಗಿಡಗಳನ್ನು ಬೆಚ್ಚಗಿಡಲು ಕಟ್ಟುವ ಗಾಜಿನ ಮನೆಗೆ ಇಂಗ್ಲಿಷಿನಲ್ಲಿ ಇರುವ ಹೆಸರನ್ನು ಅಕ್ಷರಶಃ ಕನ್ನಡಕ್ಕೆ ತಂದದ್ದರ ಪರಿಣಾಮ ಇದು. ನಮ್ಮಲ್ಲಿ ಹಸಿರೆಂಬುದು ಶುಭದ ಹೆಸರು. ಹಸಿರು ಕ್ರಾಂತಿ, ಹಸಿರು ನಾಡು ಎಂದು ಕೇಳಿ ಬೆಳೆದ ಮಗುವಿಗೆ ‘ಹಸಿರುಮನೆ ಅನಿಲ’ ಎಂದರೆ ಯಾವುದೋ ಒಳ್ಳೆಯ ಗಾಳಿಯೆಂದೇ ತೋರುತ್ತದೆ. ಮೇಲಾಗಿ ಆ ಉಪಮೆ ವಿಜ್ಞಾನದ ದೃಷ್ಟಿಯಿಂದಲೂ ಅಷ್ಟು ಸರಿಯಿಲ್ಲ. ಗಾಜಿನ ಮನೆ ಬೆಚ್ಚಗಿರುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಗೆ ಹೋಗದಿರುವುದರಿಂದ. ವಾಯುಮಂಡಲದಲ್ಲಿ ನಡೆಯುವುದು ಬೇರೆ. ಬಿಸಿಲು ಬೆಳಕಾಗಿ ಒಳಬಂದು ನೆಲವನ್ನು ಕಾಯಿಸುತ್ತದೆ. ನೆಲ ಹೊರಸೂಸುವ ಕಣ್ಣಿಗೆ ಕಾಣದ ಶಾಖಕಿರಣವನ್ನು ಇಂಗಾಲದ ಡೈಆಕ್ಸೈಡ್, ನೀರಾವಿ, ಮೀಥೇನ್ ಮುಂತಾದವು ಹೀರಿ ಅದರಲ್ಲಿ ಒಂದು ಭಾಗವನ್ನು ಮರಳಿ ನೆಲಕ್ಕೇ ಕಳಿಸುತ್ತವೆ.

ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಕೂಡಿಸಿ ಹೊಲಿಯುವ ಕೌದಿ ಈ ವಿಷಯವನ್ನು ಹಸಿರುಮನೆಗಿಂತ ಚೆನ್ನಾಗಿ ತಿಳಿಸುತ್ತದೆ. ಕೌದಿ ಸ್ವತಃ ಬಿಸಿಯನ್ನು ಹುಟ್ಟಿಸುವುದಿಲ್ಲ. ಮೈಯ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ. ಭೂಮಿಗೆ ಈ ಕೌದಿ ಇಲ್ಲದಿದ್ದರೆ ಅದರ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತಿತ್ತು. ಜೀವಿಗಳು ಬಾಳುವುದು ಕಷ್ಟವಾಗುತ್ತಿತ್ತು. ದೋಷವಿರುವುದು ಕೌದಿಯಲ್ಲಲ್ಲ, ಬೇಸಗೆಯ ದಿನ ಕೌದಿಯ ಮೇಲೆ ಕೌದಿ ಹೊದಿಸುವುದರಲ್ಲಿ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗವಿತ್ತು. ಇಂದು ಅದು 420ನ್ನು ಮೀರಿದೆ. ಹೀಗೆ ಹೇಳಿದರೆ ಎಂಟನೆಯ ಇಯತ್ತೆಯ ಮಗುವಿಗೂ ಓದುಬರಹ ಬಾರದ ಅದರ ಅಜ್ಜಿಗೂ ಒಂದೇ ಸಲ ತಿಳಿಯುತ್ತದೆ.

ಅನುವಾದದ ಪದಗಳೆಲ್ಲ ಕೆಟ್ಟವೆಂದು ಇದರ ಅರ್ಥವಲ್ಲ. ‘ಇಂಗಾಲ’ ಎಂಬುದು ಒಳ್ಳೆಯ ಪದ. ಕೆಂಡ, ಇದ್ದಿಲು ಎಂಬ ಅರ್ಥದ ಹಳೆಯ ಮಾತಿಗೆ ವಿಜ್ಞಾನದ ಹೊಸ ಅರ್ಥವನ್ನು ತುಂಬಿದ್ದರಿಂದ ಒಲೆಯ ಮುಂದೆ ಕುಳಿತವರಿಗೂ ಅದರ ಪರಿಚಯವಿದೆ. ಹಾಗೆಯೇ ಪರಭಾಷೆಯಿಂದ ಬಂದ ಮಾತೆಲ್ಲ ತ್ಯಾಜ್ಯವೂ ಅಲ್ಲ. ‘ಹವಾ’ ಎಂಬುದು ಅರಬ್ಬಿಯಿಂದ ಪಾರಸಿಯ ದಾರಿಯಾಗಿ ಬಂದುದು. ‘ಮಾನ’, ‘ಗುಣ’ ಸಂಸ್ಕೃತದವು. ಅವುಗಳನ್ನು ಕೂಡಿಸಿದ ಪದಗಳು ಇಂದು ಅಚ್ಚಕನ್ನಡದಂತೆಯೇ ನಡೆಯುತ್ತಿವೆ. ‘ಖರೀಫ್’, ‘ರಬಿ’ ಅರಬ್ಬಿ ಮಾತುಗಳು. ಇಂಗ್ಲಿಷಿನ ‘ಮಾನ್ಸೂನ್’ ಸಹ ಅರಬ್ಬಿಯ ‘ಮೌಸಿಮ್’ ಪೋರ್ತುಗೀಜರ ಬಾಯಿಯಿಂದ ಇಂಗ್ಲಿಷಿಗೆ ಬಂದದ್ದು. ನಮ್ಮ ಪೇಟೆಗಳಲ್ಲಿ ಉರ್ದು ಆಡುವವರು ‘ಮೋಸಮ್’ ಎನ್ನುವುದೂ ಅದೇ ಮಾತು. ‘ಸೈಕ್ಲೋನ್’ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಅಭ್ಯಸಿಸಿ ಕಟ್ಟಿದನು. ‘ಸೋಯಾ’ ಎಂಬುದಕ್ಕೆ ಕನ್ನಡದಲ್ಲಿ ಬೇರೆ ಪದ ಹುಡುಕಲು ಯಾವ ಸಮಿತಿಯೂ ಸೇರಲಿಲ್ಲ. ರಾಜ್ಯದಲ್ಲಿ ಸೋಯಾ ಬೆಳೆಗೆ ಬೀದರ ಜಿಲ್ಲೆ ಪ್ರಮುಖವಾಯಿತು, ಪದವೂ ಹೊಲದೊಡನೆ ನೆಲೆಯಾಯಿತು. ವಸ್ತು ಹೊಲದಲ್ಲಿ ನಿಂತರೆ ಪದ ತಾನೇ ಬೇರು ಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಹೊಲದ ಮಾತಿನ ಸಂಪತ್ತನ್ನು ನೆನೆದರೆ ಅಭಿಮಾನವೆನಿಸುತ್ತದೆ. ವರ್ಷದ ಮಳೆಯನ್ನು ಹದಿಮೂರು ಹದಿನಾಲ್ಕು ದಿನಗಳ ನಕ್ಷತ್ರಗಳಾಗಿ ವಿಂಗಡಿಸಿ, ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬ, ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ ಎಂದು ಹೆಸರಿಟ್ಟು, ಯಾವ ಮಳೆಗೆ ಏನು ಬಿತ್ತಬೇಕು, ಯಾವುದಕ್ಕೆ ಎಡೆ ಹೊಡೆಯಬೇಕೆಂದು ಹಿರಿಯರು ಕಟ್ಟಿಟ್ಟ ಪಂಚಾಂಗ ಸಾಮಾನ್ಯವಾದುದಲ್ಲ. ಜೂನ್ 7ರ ಸುಮಾರಿಗೆ ಮಿರಗ ಕೂಡಿದರೆ ಬಿತ್ತನೆಯ ಸಿದ್ಧತೆ. ‘ಹದ’ ಎಂಬ ಎರಡಕ್ಷರದಲ್ಲಿ ಮಣ್ಣಿನ ತೇವ, ಬಿಸಿ, ಸಡಿಲ, ಬಿತ್ತುವ ಸಮಯ ಎಲ್ಲವೂ ಅಡಗಿವೆ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಒಂದು ವಾಕ್ಯ ಬೇಕು. ಜಡಿಮಳೆ, ಸೋನೆಮಳೆ, ತುಂತುರು, ಬಿರುಮಳೆ, ಅಡ್ಡಮಳೆ ಎಂಬ ಭೇದಗಳನ್ನು ಬಲ್ಲವನಿಗೆ ಮಳೆಯೆಂಬುದು ಬರಿಯ ಮಿಲಿಮೀಟರಿನ ಲೆಕ್ಕವಲ್ಲ.

ಆದರೆ ಈ ಸಂಪತ್ತಿಗೂ ಒಂದು ಮಿತಿಯುಂಟು. ನಕ್ಷತ್ರಗಳ ಲೆಕ್ಕ ನಿಂತಿರುವುದು ಮಳೆ ತನ್ನ ರೂಢಿಯನ್ನು ಬಿಡದು ಎಂಬ ನಂಬಿಕೆಯ ಮೇಲೆ. ಆ ರೂಢಿಯೇ ಈಗ ಸಡಿಲಾಗಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಸುಮಾರು 7 ಪಾಲು ಹೆಚ್ಚುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಬಿಸಿಗಾಳಿ ನೆಲದ ತೇವವನ್ನು ಹೆಚ್ಚು ಹೀರುತ್ತದೆ; ಸುರಿಯುವಾಗ ಹೊತ್ತದ್ದನ್ನೆಲ್ಲ ಒಮ್ಮೆಗೇ ಸುರಿಯುತ್ತದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಸರಕಾರದ ಭೂವಿಜ್ಞಾನ ಮಂತ್ರಾಲಯದ 2020ರ ವರದಿ ತಿಳಿಸುತ್ತದೆ. ಇಡೀ ಜಗತ್ತನ್ನು ತೆಗೆದುಕೊಂಡರೆ, ಕೈಗಾರಿಕೆಗಳು ಬೆಳೆಯುವ ಮುಂಚಿನ ಕಾಲಕ್ಕಿಂತ 2024ನೆಯ ವರ್ಷ ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ‘ಎಲ್ಲವೂ ಕಾಲಮಹಿಮೆ’ ಎಂದು ಕೈಕಟ್ಟಿ ಕುಳಿತರೆ ಕಾರಣ ತಿಳಿಯುವುದಿಲ್ಲ. ಕಾರಣ ತಿಳಿಯಲು ಹೊಸ ವಿಜ್ಞಾನವೂ ಅದರ ಹೊಸ ಮಾತೂ ಬೇಕು.

ಪದದ ಅರಿವಿಲ್ಲದಿದ್ದರೆ ಆಗುವ ಹಾನಿ ಎಂಥದೆಂಬುದಕ್ಕೆ ಎರಡು ಮೂರು ನಿದರ್ಶನಗಳನ್ನು ಕೊಡುವುದು ಅಗತ್ಯ. ಮಳೆಗಾಲದ ವರದಿಗಳಲ್ಲಿ ‘ವಾಡಿಕೆ ಮಳೆ’ ಎಂಬ ಮಾತು ದಿನವೂ ಬರುತ್ತದೆ. ಇದು ಇಂಗ್ಲಿಷಿನ ‘ನಾರ್ಮಲ್’ ಎಂಬುದಕ್ಕೆ ಸಮನಾದ ಸೊಗಸಾದ ಕನ್ನಡ. ಆದರೆ ಅದು ಅನೇಕ ದಶಕಗಳ ಮಳೆಯ ಸರಾಸರಿ. ಭಾರತದ ಹವಾಮಾನ ಇಲಾಖೆ ಈಗ ಬಳಸುವ ಸರಾಸರಿ 1971ರಿಂದ 2020ರವರೆಗಿನದು. ಜೂನ್ ಜುಲೈ ತಿಂಗಳುಗಳಲ್ಲಿ ಇಪ್ಪತ್ತು ದಿನ ಮಳೆ ಕೈಕೊಟ್ಟು, ಸಪ್ಟೆಂಬರಿನಲ್ಲಿ ರಾಶಿಯ ಹೊತ್ತಿಗೆ ಮೂರು ದಿನದಲ್ಲಿ ಸುರಿದುಹೋದರೂ ಕಾಗದದ ಮೇಲೆ ‘ವಾಡಿಕೆಯಷ್ಟು ಮಳೆ’ ಎಂದೇ ಬರುತ್ತದೆ. ಹೊಲದಲ್ಲಿ ಬೆಳೆ ಹೋಗಿದೆ, ಲೆಕ್ಕದಲ್ಲಿ ಮಳೆ ಸರಿಯಾಗಿದೆ. ಈ ವಿಚಿತ್ರವನ್ನು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿ ಊರಿಗೆ ಒಬ್ಬನಿದ್ದರೂ ಸಾಕು, ಆ ಊರು ತನ್ನ ಅರ್ಜಿಯನ್ನು ಸರಿಯಾಗಿ ಬರೆಯಬಲ್ಲದು.

ನೆರೆಯ ಲಾತೂರಿನ ಕಥೆಯೂ ಇದನ್ನೇ ಸಾರುತ್ತದೆ. 2016ರ ಏಪ್ರಿಲಿನಲ್ಲಿ ಆ ನಗರಕ್ಕೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಅದೇ ವರ್ಷ ಮಳೆಗಾಲದ ಕೊನೆಗೆ ಬತ್ತಿದ್ದ ಮಾಂಜರಾ ಅಣೆಕಟ್ಟು ತುಂಬಿತು. ಆ ನದಿ ನಮ್ಮ ಬೀದರ ಜಿಲ್ಲೆಯಲ್ಲಿಯೂ ಹರಿಯುತ್ತದೆ. ಅನಾವೃಷ್ಟಿ, ಅತಿವೃಷ್ಟಿ ಎಂಬ ಎರಡನ್ನು ಹಿಂದಿನವರು ಬೇರೆ ಬೇರೆ ವರ್ಷಗಳ ಮಾತೆಂದು ತಿಳಿದಿದ್ದರು. ಈಗ ಅವು ಒಂದೇ ವರ್ಷದಲ್ಲಿ ಒಂದರ ಬೆನ್ನಿಗೆ ಒಂದು ಬರಬಹುದು. 2023ರಲ್ಲಿ ಕರ್ನಾಟಕದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ‘ಹಸಿರು ಬರ’ ಎಂಬ ಮಾತು ಕೇಳಿಬಂದಿತು. ಹೊಲ ಹಸಿರಾಗಿ ಕಂಡರೂ ಕಾಳು ಕಟ್ಟದ ಸ್ಥಿತಿ ಅದು. ಇಂಗ್ಲಿಷಿನಿಂದ ಬಂದ ಮಾತಾದರೂ ಒಕ್ಕಲಿಗನ ಅನುಭವಕ್ಕೆ ಸರಿಯಾಗಿ ಹೊಂದಿದ್ದರಿಂದ ಅದು ಕೂಡಲೇ ನಿಂತಿತು.

ಬೆಳೆ ವಿಮೆಯ ವಿಷಯ ಇನ್ನೂ ನೇರವಾದುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ‘ಸ್ಥಳೀಯ ವಿಪತ್ತು’ ಎಂಬ ವರ್ಗವಿದೆ. ಆಣೆಕಲ್ಲು, ಹೊಲ ನೀರಿನಲ್ಲಿ ಮುಳುಗುವುದು ಮುಂತಾದವು ಅದರಲ್ಲಿ ಸೇರುತ್ತವೆ. ‘ಕೊಯ್ಲಿನ ಅನಂತರದ ನಷ್ಟ’ ಎಂಬ ಇನ್ನೊಂದು ವರ್ಗದಲ್ಲಿ, ಕೊಯ್ದು ಒಣಗಲೆಂದು ಹೊಲದಲ್ಲಿ ಹರಡಿದ ಬೆಳೆಗೆ 14 ದಿನಗಳವರೆಗೆ ರಕ್ಷಣೆಯಿದೆ. ಈ ಎರಡರಲ್ಲಿಯೂ ಹಾನಿಯಾದ 72 ಗಂಟೆಗಳೊಳಗೆ ತಿಳಿಸಬೇಕು. ‘ಮಳೆಗೆ ಬೆಳೆ ಹೋಯಿತು’ ಎಂಬ ಮಾತು ಸತ್ಯವಾದರೂ ಅರ್ಜಿಯಲ್ಲಿ ಸಾಲದು. ಮುಳುಗಿತೆ, ಆಣೆಕಲ್ಲಿಗೆ ಉದುರಿತೆ, ಹರಡಿದಾಗ ನೆನೆಯಿತೆ, ಬಣವೆ ಒಟ್ಟಿದ ಮೇಲೆ ನೆನೆಯಿತೆ ಎಂಬುದನ್ನು ಬಿಡಿಸಿ ಬರೆಯಬೇಕು. ಒಕ್ಕಲಿಗನಿಗೆ ಈ ಭೇದಗಳೆಲ್ಲ ಚೆನ್ನಾಗಿ ಗೊತ್ತು. ಕಾಗದದ ಮೇಲಿನ ಹೆಸರು ಮಾತ್ರ ಗೊತ್ತಿಲ್ಲ. ಮಗ ಅಥವಾ ಮಗಳು ಆ ಎರಡನ್ನು ಕೂಡಿಸಬಲ್ಲವರಾದರೆ ಅವರ ವಿದ್ಯೆ ಅಂದೇ ಸಾರ್ಥಕವಾಯಿತು.

ಮಳೆಯ ಮುನ್ಸೂಚನೆಯಲ್ಲಿಯೂ ಹೀಗೆಯೇ. ‘ಭಾರಿ ಮಳೆ’ ಎಂದು ನಾವು ಸಹಜವಾಗಿ ಆಡುತ್ತೇವೆ. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಮಳೆ. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಯ ಬಣ್ಣಗಳಿಗೂ ನಿಶ್ಚಿತವಾದ ಅರ್ಥವಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾಗಿ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿಯೂ ಮಳೆಮಾಪಕಗಳನ್ನಿಟ್ಟು, ತನ್ನ ದೂರವಾಣಿ ಸೇವೆಗೆ ‘ವರುಣಮಿತ್ರ’ ಎಂದು ಹೆಸರಿಟ್ಟಿದೆ. ಈ ಹೆಸರನ್ನು ಕೇಳಿದವನಿಗೆ ಅಳುಕಿಲ್ಲದೆ ವಿಚಾರಿಸಬೇಕೆನಿಸುತ್ತದೆ. ಒಂದು ಸರಕಾರಿ ಸೇವೆಗೆ ಇಷ್ಟು ಒಳ್ಳೆಯ ಹೆಸರು ಇಡಬಲ್ಲೆವಾದರೆ ಉಳಿದವಕ್ಕೆ ಏಕೆ ಸಾಧ್ಯವಾಗದು?

ಭಾಷೆ ಮತ್ತು ಅಧಿಕಾರದ ಈ ಸಂಬಂಧವನ್ನು ನಮ್ಮ ಬಸವಕಲ್ಯಾಣದಷ್ಟು ಸ್ಪಷ್ಟವಾಗಿ ಕಂಡ ಊರು ಅಪರೂಪ. ಇದೇ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ರಚಿಸಿದನು. ಆಸ್ತಿ ಹಂಚಿಕೆಯ ವಿಷಯದಲ್ಲಿ ಭಾರತದ ಬಹುಭಾಗದ ನ್ಯಾಯಾಲಯಗಳು ಇಪ್ಪತ್ತನೆಯ ಶತಮಾನದವರೆಗೂ ಅದನ್ನು ಪ್ರಮಾಣವೆಂದು ಹಿಡಿದವು. ಅದು ಮಹಾಗ್ರಂಥವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸಂಸ್ಕೃತದಲ್ಲಿತ್ತು. ಯಾರ ಹೊಲ ಯಾರಿಗೆ ಸಲ್ಲಬೇಕೆಂದು ಅದು ಹೇಳುತ್ತಿತ್ತೋ ಆ ಜನರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಅನಂತರ ಹನ್ನೆರಡನೆಯ ಶತಮಾನದಲ್ಲಿ ಅದೇ ಊರಿನಲ್ಲಿ ಶರಣರು ತತ್ತ್ವದ ಅತ್ಯಂತ ಸೂಕ್ಷ್ಮ ವಿಚಾರಗಳನ್ನು ಮಡಿವಾಳ, ಅಂಬಿಗ, ಮಾದಾರರ ಮಾತಿನಲ್ಲಿ ಆಡಿದರು. ಕಾಯಕ, ದಾಸೋಹ, ಬಯಲು ಎಂಬ ಮಾತುಗಳಿಗೆ ಹೊಸ ಅರ್ಥವನ್ನು ತುಂಬಿದರು. ಅವರು ಸಂಸ್ಕೃತವನ್ನು ಬಲ್ಲವರಾಗಿದ್ದರು, ಬೇಕಾದಲ್ಲಿ ಬಳಸಿಯೂ ಇದ್ದರು. ಆದರೆ ತಿಳಿಯದವರ ಎದುರಿಗೆ ಅದನ್ನು ಗೋಡೆಯಾಗಿ ನಿಲ್ಲಿಸಲಿಲ್ಲ. ಹವಾಗುಣದ ಇಂದಿನ ಒಪ್ಪಂದಗಳೆಲ್ಲ, 1992ರ ರಿಯೊ, 1997ರ ಕ್ಯೋಟೊ, 2015ರ ಪ್ಯಾರಿಸ್, ನಮ್ಮ ಪಾಲಿಗೆ ಮಿತಾಕ್ಷರದ ಸ್ಥಾನದಲ್ಲಿವೆ. ಅವನ್ನು ಓದಬಲ್ಲವರೂ ಬೇಕು, ಓದಿ ಬಯಲಿಗೆ ತಂದು ಹೇಳಬಲ್ಲವರೂ ಬೇಕು.

ಸಮೀಪದ ಚರಿತ್ರೆಯೂ ಒಂದು ಪಾಠವನ್ನು ಕಲಿಸಿದೆ. 1948ರವರೆಗೆ ಈ ಭಾಗ ಹೈದರಾಬಾದ ಸಂಸ್ಥಾನದಲ್ಲಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಮಾಧ್ಯಮವಾಗಿ ಮಾಡಿಕೊಂಡು, ತನ್ನ ಅನುವಾದ ಸಂಸ್ಥೆಯ ಮೂಲಕ ವಿಜ್ಞಾನ, ವೈದ್ಯ, ನ್ಯಾಯಶಾಸ್ತ್ರಗಳಿಗೆ ಸಾವಿರಾರು ಪದಗಳನ್ನು ಕಟ್ಟಿಸಿತು. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆ ಸಾಧ್ಯವೆಂದು ತೋರಿಸಿದ ಆ ಸಾಹಸ ಗೌರವಕ್ಕೆ ಅರ್ಹ. ಆದರೂ ಕನ್ನಡ, ಮರಾಠಿ, ತೆಲುಗು ಆಡುವ ಹಳ್ಳಿಗರಿಗೆ ಆ ಪದಗಳು ಇಂಗ್ಲಿಷಿನಷ್ಟೇ ದೂರವಾಗಿದ್ದವು. ಅದೇ ಕಾಲದಲ್ಲಿ ನೆರೆಯ ಭಾಲ್ಕಿಯಲ್ಲಿ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ನಾಡು ಮರೆಯದ ಮಾತು. ಇಂದು ನಮಗೆ ಯಾರ ಭಯವೂ ಇಲ್ಲ. ಹೊರಗಿನ ಫಲಕ ಇಂಗ್ಲಿಷಿನದಾಗಿರಲಿ, ಕನ್ನಡದ್ದಾಗಿರಲಿ, ಒಳಗೆ ಅರ್ಥವಿದ್ದರೆ ಸಾಕು. ಒಳಗೂ ಫಲಕವೇ ಇದ್ದು ಪಾಠವಿಲ್ಲದಂತಾದರೆ ಅದು ಚಿಂತೆಯ ವಿಷಯ.

ಇದಕ್ಕೆ ಎರಡು ಕಡೆಯಿಂದ ಆಕ್ಷೇಪಗಳು ಬರಬಹುದು. ಇಂಗ್ಲಿಷ್ ಮಾಧ್ಯಮವನ್ನು ಬಯಸುವ ಪಾಲಕರು, ‘ಮುಂದೆ ಪರೀಕ್ಷೆ, ನೌಕರಿ ಎಲ್ಲ ಇಂಗ್ಲಿಷಿನಲ್ಲಿ, ಹೊಲದ ಮಾತಿನಿಂದ ಏನು ಪ್ರಯೋಜನ?’ ಎನ್ನುವರು. ಹದ, ವಾಡಿಕೆ, ಬರ ಎಂಬುದನ್ನು ಮನದಟ್ಟು ಮಾಡಿಕೊಂಡ ಮಗು ಅವುಗಳ ಇಂಗ್ಲಿಷ್ ಹೆಸರನ್ನು ಒಂದು ದಿನದಲ್ಲಿ ಕಲಿಯುತ್ತದೆ. ಹೆಸರನ್ನಷ್ಟೇ ಕಲಿತ ಮಗುವಿಗೆ ಅರ್ಥ ವರ್ಷಗಳಾದರೂ ಬಾರದೆ ಇರಬಹುದು. ಇನ್ನೊಂದು ಕಡೆ ಕನ್ನಡದ ಕಟ್ಟಾಭಿಮಾನಿಗಳು, ಇಂಗ್ಲಿಷ್ ಪದವೇಕೆ, ಎಲ್ಲಕ್ಕೂ ಕನ್ನಡ ಪದ ಕಟ್ಟೋಣವೆನ್ನುವರು. ಕಟ್ಟೋಣ, ಆದರೆ ಕಟ್ಟಿದ ಪದವನ್ನು ಒಕ್ಕಲಿಗನ ಕಿವಿಗೆ ಹಾಕಿ ನೋಡಿ ಉಳಿಸೋಣ. ‘ಮಿಟಿಗೇಶನ್’ ಎಂಬುದಕ್ಕೆ ‘ಉಪಶಮನ’ ಎಂದು ಬರೆದರೆ ಒಂದು ಕಠಿಣ ಪದದ ಬದಲು ಇನ್ನೊಂದು ಕಠಿಣ ಪದ ಬಂದಿತು, ಅಷ್ಟೆ. ‘ಹೊಗೆ ತಗ್ಗಿಸುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಅಡಾಪ್ಟೇಶನ್’ ಎಂಬುದು ಬಂದ ಸ್ಥಿತಿಗೆ ಒಗ್ಗಿಕೊಳ್ಳುವುದು. ಸೋಯಾ ಒಂದನ್ನೇ ನೆಚ್ಚದೆ ತೊಗರಿ, ಹೆಸರು, ಉದ್ದು, ಜೋಳಗಳನ್ನು ಕೂಡಿಸಿ ಬಿತ್ತುವುದು, ಕೆರೆಯ ಹೂಳೆತ್ತುವುದು, ಒಡ್ಡು ಹಾಕುವುದು ಇವೆಲ್ಲ ಅದೇ. ಬಸವಕಲ್ಯಾಣದ ತ್ರಿಪುರಾಂತಕ ಕೆರೆಯನ್ನೂ ಬೀದರಿನ ನೆಲದೊಳಗಿನ ಸುರಂಗ ಬಾವಿಗಳನ್ನೂ ಕಟ್ಟಿದವರು ಆ ಇಂಗ್ಲಿಷ್ ಪದವನ್ನು ಕೇಳಿರಲಿಲ್ಲ, ಕೆಲಸವನ್ನು ಬಲ್ಲವರಾಗಿದ್ದರು.

ಆದ್ದರಿಂದ ನಮ್ಮ ಶಾಲೆಗಳಿಗೆ ಒಂದು ಸೂಚನೆ. ಪ್ರತಿ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳೇ ಒಂದು ಪದಪುಸ್ತಕವನ್ನು ಸಿದ್ಧಪಡಿಸಲಿ. ಪ್ರತಿ ಪುಟದಲ್ಲಿ ಮೂರು ಅಂಕಣಗಳಿರಲಿ: ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಪಠ್ಯಪುಸ್ತಕದ ಅಥವಾ ಪತ್ರಿಕೆಯ ಕನ್ನಡ, ಮೂರನೆಯದರಲ್ಲಿ ತಮ್ಮ ಊರಿನ ಹಿರಿಯರು ಅದಕ್ಕೆ ಹೇಳುವ ಮಾತು. ಮೂರನೆಯ ಅಂಕಣವನ್ನು ತುಂಬಲು ಮಗು ಹೊಲಕ್ಕೆ ಹೋಗಿ ಕೇಳಲೇಬೇಕಾಗುತ್ತದೆ. ಅಲ್ಲಿ ಉರ್ದುವಿನ ಮಾತು ಬರಲಿ, ಮರಾಠಿಯದು ಬರಲಿ, ಬರೆದುಕೊಳ್ಳಲಿ. ಗಡಿನಾಡಿನ ನಮಗೆ ಅದು ಪರಕೀಯವಲ್ಲ. ಯಾವ ಪದಕ್ಕೆ ಮೂರನೆಯ ಅಂಕಣ ಖಾಲಿ ಉಳಿಯುವುದೋ ಅದನ್ನು ಊರವರಿಗೆ ತಿಳಿಸುವ ಹೊಣೆ ಆ ಮಗುವಿನದು. ಯಾವ ಮಾತಿಗೆ ಮೊದಲ ಅಂಕಣ ಖಾಲಿ ಉಳಿಯುವುದೋ, ‘ಹದ’ದಂತೆ, ಅದು ನಾವು ಜಗತ್ತಿಗೆ ಕೊಡಬಹುದಾದ ಪದ. ಜೊತೆಗೆ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿರಲಿ. ದಿನದ ಮಳೆಯನ್ನು ಮಿಲಿಮೀಟರಿನಲ್ಲಿಯೂ ನಕ್ಷತ್ರದ ಹೆಸರಿನಲ್ಲಿಯೂ ಬರೆದಿಡಲಿ. ಹತ್ತು ವರ್ಷ ಬರೆದರೆ ಮಿರಗದ ಮಳೆ ಎಷ್ಟು ಸಲ ಮಾತಿಗೆ ನಿಂತಿತು, ಎಷ್ಟು ಸಲ ತಪ್ಪಿತು ಎಂಬುದು ನಮ್ಮದೇ ಕೈಬರಹದಲ್ಲಿ ಸಿಕ್ಕುತ್ತದೆ. ಮೂವತ್ತು ವರ್ಷ ಬರೆದರೆ ಅದು ಹವಾಗುಣದ ಚರಿತ್ರೆಯಾಗುತ್ತದೆ.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಮಾಪಕ, ದಿನವೂ ಬೆಳಿಗ್ಗೆ 8-30ಕ್ಕೆ ಹೋಗಿ ನೋಡುವ ನಿಷ್ಠೆ ಸಾಕು. ಮುಂದಿನ ಮಿರಗಕ್ಕೆ ಈ ಕಾರ್ಯ ಆರಂಭವಾದರೆ, ಇಂದು ಎಂಟನೆಯ ಇಯತ್ತೆಯಲ್ಲಿರುವ ಮಕ್ಕಳು ಶಾಲೆ ಬಿಡುವ ಹೊತ್ತಿಗೆ ಎರಡು ಮಳೆಗಾಲಗಳ ಲೆಕ್ಕವನ್ನು ತಮ್ಮ ತಮ್ಮಂದಿರಿಗೂ ತಂಗಿಯರಿಗೂ ಒಪ್ಪಿಸಿ ಹೋಗಬಲ್ಲರು.